ಅರ್ಧ ಮನಸ್ಸಿನ ಅರಿಕೆ

ಸಂತ ಅಗಸ್ಟೀನರ ಆತ್ಮಕಥನದ ಎಂಟನೆಯ ಭಾಗವನ್ನು ಮತ್ತೆ ಓದುತ್ತಾ

ವಿಭೂತಿ ಬುಧವಾರದಂದು ಹಣೆಯ ಮೇಲಿನ ಬೂದಿ ಮಾಸುವ ಮುನ್ನವೇ ನಾವು ಎಷ್ಟೊಂದು ಸಂಕಲ್ಪಗಳನ್ನು ಕೈಗೊಳ್ಳುತ್ತೇವೆ! ಈ ನಲವತ್ತು ದಿನ ಮದ್ಯ ಮುಟ್ಟುವುದಿಲ್ಲ, ಮನೆಯಲ್ಲಿ ದನಿಯೆತ್ತಿ ಮಾತನಾಡುವುದಿಲ್ಲ, ಕುಟುಂಬ ಪ್ರಾರ್ಥನೆಯನ್ನು ತಪ್ಪಿಸುವುದಿಲ್ಲ, ಮುನಿಸಿಕೊಂಡ ಬಂಧುವಿನ ಮನೆಗೆ ಒಮ್ಮೆ ಹೋಗಿ ಬರುತ್ತೇನೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಹೇಳಿದ ಗಳಿಗೆಯಲ್ಲಿ ನಾವು ಅದನ್ನು ನಿಜವಾಗಿಯೇ ಬಯಸಿರುತ್ತೇವೆ. ಆದರೂ ತಪಸ್ಸುಕಾಲದ ಮೂರನೆಯ ಭಾನುವಾರದ ಹೊತ್ತಿಗೆ ಆ ಸಂಕಲ್ಪಗಳು ಒಂದೊಂದಾಗಿ ಸಡಿಲಗೊಳ್ಳುತ್ತವೆ. ಗರಿಗಳ ಭಾನುವಾರ ಬರುವಾಗ ಅವು ಮರುವರ್ಷಕ್ಕೆ ಮುಂದೂಡಲ್ಪಟ್ಟಿರುತ್ತವೆ.

ಆಗ ನಮ್ಮ ಬಾಯಿಗೆ ಬರುವ ವಿವರಣೆ ಸಾಮಾನ್ಯವಾಗಿ ಒಂದೇ: "ಮನಸ್ಸೇನೋ ಇತ್ತು, ಮನೋಬಲ ಸಾಲಲಿಲ್ಲ." ಬಯಕೆ ಪೂರ್ಣವಾಗಿಯೇ ಇತ್ತು, ಎಣ್ಣೆ ತೀರಿದ ದೀಪದಂತೆ ಬಲ ಮಾತ್ರ ಮುಗಿದುಹೋಯಿತು ಎಂಬುದು ಇದರ ಅರ್ಥ. ಈ ವಿವರಣೆ ನಮಗೆ ಹಿತಕರವಾಗಿದೆ. ಏಕೆಂದರೆ ಇದರಲ್ಲಿ ನಮ್ಮ ಮನಸ್ಸಿನ ಮೇಲೆ ಯಾವ ದೋಷವೂ ಇಲ್ಲ.

ವಿದ್ವಾಂಸರಿಗೂ ಒಂದು ಕಾಲಕ್ಕೆ ಈ ಎಣ್ಣೆಯ ಲೆಕ್ಕ ಒಪ್ಪಿಗೆಯಾಗಿತ್ತು. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಅವರ ಸಂಗಡಿಗರು, ಮನೋಬಲವು ಬಳಸಿದಂತೆಲ್ಲ ಬರಿದಾಗುವ ಸಂಗ್ರಹವೆಂಬ ವಾದವನ್ನು ಪ್ರಯೋಗಗಳ ಆಧಾರದಲ್ಲಿ ಮುಂದಿಟ್ಟರು. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಕೂಡಿ ಅದನ್ನು ಮರುಪರೀಕ್ಷಿಸಿದಾಗ ನಿರೀಕ್ಷಿಸಿದ ಪರಿಣಾಮ ಹೆಚ್ಚೂಕಡಿಮೆ ಕಾಣಿಸಲೇ ಇಲ್ಲ. ಆ ಚರ್ಚೆ ಶಾಸ್ತ್ರಜ್ಞರಿಗೆ ಇರಲಿ. ಸುಮಾರು 1,600 ವರ್ಷಗಳ ಹಿಂದೆಯೇ ಇದೇ ಪ್ರಶ್ನೆಯನ್ನು ತಮ್ಮ ಬಾಳಿನ ಮೇಲೆಯೇ ಪ್ರಯೋಗಿಸಿ ನೋಡಿ, ಬೇರೆಯೇ ಉತ್ತರ ಕೊಟ್ಟ ಒಂದು ಕೃತಿಯಿದೆ. ಅದರ ಬಗ್ಗೆ ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕೆಂದಿದ್ದೇನೆ.

ನಾವು ಕೇಳಿದ ಕಥೆ, ಅವರು ಬರೆದ ಕಥೆ

ಸಂತ ಅಗಸ್ಟೀನರು ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕಾದ ತಗಾಸ್ತೆಯಲ್ಲಿ, ಎಂದರೆ ಇಂದಿನ ಅಲ್ಜೀರಿಯಾದ ಸೂಕ್ ಅಹ್ರಾಸ್ ಪಟ್ಟಣದಲ್ಲಿ, ಜನಿಸಿದರು. ಅವರು 397ರಿಂದ 400ರ ಸುಮಾರಿಗೆ ಲ್ಯಾಟಿನ್ ಭಾಷೆಯಲ್ಲಿ ಬರೆದ 'ಕನ್ಫೆಸಿಯೋನೆಸ್' 13 ಭಾಗಗಳ ಕೃತಿ. ಆ ಹೆಸರಿಗೆ ಪಾಪನಿವೇದನೆ ಎಂಬ ಅರ್ಥವೂ ಉಂಟು, ದೇವಸ್ತುತಿ ಎಂಬ ಅರ್ಥವೂ ಉಂಟು. ಕನ್ನಡದಲ್ಲಿ 'ಅರಿಕೆ' ಎಂದರೆ ಎರಡಕ್ಕೂ ಹತ್ತಿರವಾದೀತು. ಇಡೀ ಕೃತಿ ದೇವರನ್ನು ಉದ್ದೇಶಿಸಿ ಆಡಿದ ಮಾತು. ನಾವು ಓದುಗರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು.

ಈ ಕೃತಿಯ ಎಂಟನೆಯ ಭಾಗದ ಒಂದು ಪ್ರಸಂಗವನ್ನು ನಾವೆಲ್ಲರೂ ಪ್ರಬೋಧನೆಗಳಲ್ಲಿ ಕೇಳಿದ್ದೇವೆ. 386ನೆಯ ಇಸವಿ. ಮಿಲಾನ್ ನಗರದ ಒಂದು ಮನೆಯ ಹಿತ್ತಲ ತೋಟ. ಅಂಜೂರದ ಮರದಡಿ ಅಳುತ್ತಿದ್ದ ಪ್ರಾಧ್ಯಾಪಕನಿಗೆ ನೆರೆಮನೆಯಿಂದ ಮಗುವೊಂದರ ದನಿ ಕೇಳುತ್ತದೆ. ಪುಸ್ತಕವನ್ನು ಎತ್ತಿಕೊಂಡು ಓದೆಂದು ಅದು ತನಗೇ ಹೇಳಿದಂತೆ ಭಾಸವಾಗುತ್ತದೆ. ಸಂತ ಪೌಲರ ಪತ್ರವನ್ನು ತೆರೆದು ಕಣ್ಣಿಗೆ ಬಿದ್ದ ಸಾಲುಗಳನ್ನು ಓದುತ್ತಾರೆ. ಬದುಕು ಬದಲಾಗುತ್ತದೆ.

ನಾವು ಈ ಕಥೆಯನ್ನು ಹೇಳುವ ರೀತಿಯ ಬಗ್ಗೆ ನನ್ನದೊಂದು ಆಕ್ಷೇಪವಿದೆ. ಮಗುವಿನ ದನಿ ಬರುವುದು ಆ ಭಾಗದ ಕೊನೆಯಲ್ಲಿ. ಅದಕ್ಕೆ ಮುಂಚಿನ ಪುಟಗಳೆಲ್ಲವೂ ತಡದ ಕಥೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೋ ಬರೆದ 'ಹೊರ್ತೆನ್ಸಿಯುಸ್' ಎಂಬ ಗ್ರಂಥವನ್ನು ಓದಿ ಜ್ಞಾನಕ್ಕಾಗಿ ಬಾಳನ್ನು ಮೀಸಲಿಡಬೇಕೆಂದು ಹಾತೊರೆದ ತರುಣ, ಸುಮಾರು 12 ವರ್ಷ ಅದನ್ನು ನಾಳೆಗೆ ತಳ್ಳುತ್ತಲೇ ಬಂದ ಎಂಬುದನ್ನು ಅಗಸ್ಟೀನರು ಲೆಕ್ಕ ಹಾಕಿ ಬರೆಯುತ್ತಾರೆ. ಈ 12 ವರ್ಷಗಳನ್ನು ಬಿಟ್ಟು ಕೊನೆಯ ಕೆಲವು ನಿಮಿಷಗಳನ್ನು ಮಾತ್ರ ಹೇಳಿದಾಗ, ಕೇಳುಗನಿಗೆ ಒಂದು ತಪ್ಪು ಪಾಠ ಸಿಗುತ್ತದೆ. ನಾನೂ ಕಾಯುತ್ತೇನೆ, ನನಗೂ ಒಂದು ದನಿ ಕೇಳೀತು ಎಂಬುದೇ ಆ ಪಾಠ.

ಎಂಟನೆಯ ಭಾಗದ ಕಟ್ಟಡವನ್ನು ಗಮನಿಸಿರಿ. ಮೊದಲು ಸಿಂಪ್ಲಿಸಿಯಾನುಸ್ ಎಂಬ ವೃದ್ಧ ಗುರುಗಳು ವಿಕ್ಟೊರಿನುಸ್‌ನ ಕಥೆ ಹೇಳುತ್ತಾರೆ. ಈತ ರೋಮಿನಲ್ಲಿ ಪ್ರತಿಮೆ ಸ್ಥಾಪಿಸುವಷ್ಟು ಹೆಸರಾದ ವಿದ್ವಾಂಸ. ತಾನು ಒಳಗೊಳಗೇ ಕ್ರೈಸ್ತನಾಗಿದ್ದೇನೆಂದು ಗುಟ್ಟಾಗಿ ಹೇಳಿಕೊಳ್ಳುತ್ತಿದ್ದ. ದೇವಾಲಯದಲ್ಲಿ ಕಾಣುವತನಕ ನಂಬುವುದಿಲ್ಲವೆಂದು ಸಿಂಪ್ಲಿಸಿಯಾನುಸ್ ಹೇಳಿದಾಗ, ಗೋಡೆಗಳಿಂದ ಯಾರಾದರೂ ಕ್ರೈಸ್ತರಾಗುತ್ತಾರೆಯೇ ಎಂದು ನಗೆಯಾಡುತ್ತಿದ್ದ. ಗೆಳೆಯರಾದ ಗಣ್ಯರ ಭಯ ಅವನಿಗೆ. ಕೊನೆಗೊಂದು ದಿನ ತಾನಾಗಿಯೇ ಹೊರಟು ನಿಂತು, ಗುಟ್ಟಾಗಿ ವಿಶ್ವಾಸ ಘೋಷಿಸುವ ಅವಕಾಶವಿದ್ದರೂ ಎಲ್ಲರೆದುರು ಘೋಷಿಸಿದ.

ಅನಂತರ ಪೊಂತಿಸಿಯಾನುಸ್ ಎಂಬ ಅಧಿಕಾರಿ ಮನೆಗೆ ಬರುತ್ತಾನೆ. ಆಟದ ಮೇಜಿನ ಮೇಲಿದ್ದ ಪುಸ್ತಕವನ್ನು ಕುತೂಹಲದಿಂದ ತೆರೆದರೆ, ಅದು ಸಂತ ಪೌಲರ ಪತ್ರಗಳು! ಆತ ಈಜಿಪ್ಟಿನ ಮರುಭೂಮಿಯ ಸಂತ ಅಂತೋಣಿಯವರ ಬಗ್ಗೆ ಹೇಳುತ್ತಾನೆ (ನಮಗೆ ಚಿರಪರಿಚಿತರಾದ ಪಾದುವಾದ ಅಂತೋಣಿಯವರಲ್ಲ, ಅವರಿಗಿಂತ ಎಷ್ಟೋ ಶತಮಾನಗಳ ಹಿಂದಿನವರು). ತ್ರಿಯರ್ ನಗರದಲ್ಲಿ ಇಬ್ಬರು ರಾಜೋದ್ಯೋಗಿಗಳು ಒಂದು ಗುಡಿಸಲಿನಲ್ಲಿ ಆ ಅಂತೋಣಿಯವರ ಜೀವನಚರಿತ್ರೆಯನ್ನು ಓದಿ, ನಿಂತ ನಿಲುವಿನಲ್ಲೇ ಉದ್ಯೋಗ ತೊರೆದ ಸಂಗತಿಯನ್ನೂ ಹೇಳುತ್ತಾನೆ. ಆತ ಹೊರಟುಹೋದ ಮೇಲೆ ಅಗಸ್ಟೀನರು ಕುದಿಯತೊಡಗುತ್ತಾರೆ. ಅಕ್ಷರ ಹೆಚ್ಚು ಕಲಿಯದವರು ಎದ್ದು ನಡೆದರು, ಇಷ್ಟೆಲ್ಲ ಓದಿದ ನಾವು ಇನ್ನೂ ಕುಳಿತಿದ್ದೇವೆ ಎಂಬ ನಾಚಿಕೆ ಅವರನ್ನು ತೋಟಕ್ಕೆ ಅಟ್ಟುತ್ತದೆ.

ಕೊರತೆ ಇರುವುದೆಲ್ಲಿ?

ತೋಟದಲ್ಲಿ ಅವರು ಕೂದಲು ಕೀಳುತ್ತಾರೆ, ಹಣೆ ಬಡಿದುಕೊಳ್ಳುತ್ತಾರೆ, ಬೆರಳು ಹೆಣೆದು ಮೊಣಕಾಲುಗಳನ್ನು ಅಪ್ಪಿಕೊಳ್ಳುತ್ತಾರೆ. ಮತ್ತೊಬ್ಬ ಲೇಖಕನಾಗಿದ್ದರೆ ಈ ಸಂಕಟವನ್ನು ವರ್ಣಿಸಿ ಮುಂದೆ ಹೋಗುತ್ತಿದ್ದ. ಅಗಸ್ಟೀನರು ಅಲ್ಲೇ ನಿಂತು ಒಂದು ವಿಚಿತ್ರವನ್ನು ಗುರುತಿಸುತ್ತಾರೆ. ಹಣೆಗೆ ಬಡಿ ಎಂದು ಮನಸ್ಸು ಹೇಳಿದೊಡನೆ ಕೈ ಬಡಿಯಿತು. ಕೈಯೇ ಬೇರೆ, ಮನಸ್ಸೇ ಬೇರೆ. ಆದರೂ ಕೈ ಮಾತು ಕೇಳುತ್ತದೆ. ಅದೇ ಮನಸ್ಸು 'ಬದಲಾಗು' ಎಂದು ತನಗೆ ತಾನೇ ಹೇಳಿಕೊಂಡರೆ ಕೇಳುವುದಿಲ್ಲ. ದೂರದ ಆಳು ವಿಧೇಯ, ಒಡೆಯ ಮಾತ್ರ ತನಗೇ ಅವಿಧೇಯ! ಇದೆಂಥ ವಿಪರೀತ?

ಅವರು ಕಂಡುಕೊಂಡ ಉತ್ತರವೇ ಈ ಕೃತಿಯ ಹೃದಯವೆಂದು ನನ್ನ ಅಭಿಪ್ರಾಯ. ಆಜ್ಞೆ ನಡೆಯದಿರುವುದಕ್ಕೆ ಕಾರಣ ಬಲದ ಕೊರತೆಯಲ್ಲ, ಆಜ್ಞೆಯೇ ಅಪೂರ್ಣವಾಗಿರುವುದು. ಮನಸ್ಸು ಪೂರ್ತಿಯಾಗಿ ಬಯಸಿದ್ದರೆ ಅದು ತನಗೆ ಆಜ್ಞೆ ಮಾಡಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ, ಆಗಲೇ ಆಗಿಹೋಗಿರುತ್ತಿತ್ತು. ಒಂದು ಪಾಲು ಬಯಸುತ್ತದೆ, ಇನ್ನೊಂದು ಪಾಲು ಒಲ್ಲೆನೆನ್ನುತ್ತದೆ. ಬೆಳಗಾಯಿತೆಂದು ಬಲ್ಲವನು, ಏಳಬೇಕೆಂದು ಒಪ್ಪಿದವನು, ಹೊದಿಕೆಯೊಳಗೇ 'ಇನ್ನೊಂದು ಗಳಿಗೆ' ಎನ್ನುವಂತಹ ಸ್ಥಿತಿಯಿದು. ಅವನಿಗೆ ಏಳುವ ಶಕ್ತಿಯಿಲ್ಲವೇ? ಧಾರಾಳವಾಗಿದೆ. ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗಿದರೆ ಎದ್ದು ಓಡುತ್ತಾನೆ.

ಅಂದರೆ ಕಂದಕ ಇರುವುದು ಸದುದ್ದೇಶಕ್ಕೂ ಮನೋಬಲಕ್ಕೂ ನಡುವೆ ಅಲ್ಲ. ಅದು ಉದ್ದೇಶದ ಒಳಗೇ ಇದೆ. "ಮನಸ್ಸೇನೋ ಇತ್ತು" ಎಂದು ನಾವು ಹೇಳುವಾಗ 'ಅರ್ಧ' ಎಂಬ ಒಂದು ಪದವನ್ನು ನುಂಗಿಕೊಂಡಿರುತ್ತೇವೆ.

ಹಾಗಾದರೆ ಒಲ್ಲೆನೆನ್ನುವ ಆ ಇನ್ನೊಂದು ಪಾಲು ಯಾರದು? ಅಗಸ್ಟೀನರು ತಾರುಣ್ಯದಲ್ಲಿ ಸುಮಾರು 9 ವರ್ಷ ಮಾನಿಕೇಯ ಪಂಥದಲ್ಲಿದ್ದವರು. ಒಳ್ಳೆಯದು ಬೇರೆ ಪ್ರಕೃತಿ, ಕೆಟ್ಟದ್ದು ಬೇರೆ ಪ್ರಕೃತಿ, ನಮ್ಮೊಳಗೆ ತಪ್ಪು ಮಾಡುವುದು ನಾವಲ್ಲ, ಆ ಅನ್ಯ ಪ್ರಕೃತಿ ಎಂಬುದು ಆ ಪಂಥದ ಬೋಧೆ. ಎಂಟನೆಯ ಭಾಗದಲ್ಲಿ ಅವರು ಈ ಬೋಧೆಯನ್ನು ತರ್ಕದಿಂದ ಕೆಡವುತ್ತಾರೆ. ಒಬ್ಬನೇ ಮನುಷ್ಯನಲ್ಲಿ ನಾಲ್ಕು ಕೆಟ್ಟ ಆಸೆಗಳು ಪರಸ್ಪರ ಎಳೆದಾಡಿದರೆ, ಅವನಲ್ಲಿ ನಾಲ್ಕು ಕೆಟ್ಟ ಪ್ರಕೃತಿಗಳಿವೆ ಎನ್ನೋಣವೇ? ಇಲ್ಲ. ಬಯಸಿದವನೂ ನಾನೇ, ಒಲ್ಲದವನೂ ನಾನೇ.

ಮಾನಿಕೇಯ ಪಂಥ ಅಳಿದು ಎಷ್ಟೋ ಕಾಲವಾಯಿತು. ಆದರೆ ಅದರ ನೆರಳು ನಮ್ಮ ಮನೆಗಳಲ್ಲಿ ಇಲ್ಲವೇ? "ಹುಟ್ಟುಗುಣ ಸುಟ್ಟರೂ ಹೋಗದು" ಎಂದು ನಾವು ನಮ್ಮ ಸಿಟ್ಟಿಗೆ, ಕುಡಿತಕ್ಕೆ, ಆಲಸ್ಯಕ್ಕೆ ಗಾದೆಯ ಕೊಡೆ ಹಿಡಿಯುವಾಗ ಮಾಡುವುದು ಅದನ್ನೇ ಅಲ್ಲವೇ? ಅಗಸ್ಟೀನರ ವಿಶ್ಲೇಷಣೆಯಲ್ಲಿ ಅದು ಹುಟ್ಟುಗುಣವಲ್ಲ, ಕಟ್ಟಿಕೊಂಡ ಗುಣ. ವಕ್ರ ಇಚ್ಛೆಯಿಂದ ವ್ಯಾಮೋಹ, ವ್ಯಾಮೋಹಕ್ಕೆ ಮಣಿದುದರಿಂದ ಅಭ್ಯಾಸ, ಅಭ್ಯಾಸವನ್ನು ತಡೆಯದಿದ್ದುದರಿಂದ ಅನಿವಾರ್ಯತೆ. ಹೀಗೆ ಕೊಂಡಿಗೆ ಕೊಂಡಿ ಸೇರಿ ಸರಪಳಿಯಾಯಿತು. ಕಬ್ಬಿಣವೂ ನನ್ನದೇ, ಕಮ್ಮಾರನೂ ನಾನೇ.

ಹೆಸರಿಲ್ಲದ ಹೆಂಗಸು

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೆ, ಈ ಕೃತಿಯೊಡನೆ ನನಗಿರುವ ಒಂದು ಜಗಳವನ್ನೂ ಹೇಳಬೇಕು. ಆರನೆಯ ಭಾಗದಲ್ಲಿ ಒಬ್ಬ ಮಹಿಳೆಯ ಪ್ರಸ್ತಾಪ ಬರುತ್ತದೆ. ಹತ್ತು ವರ್ಷಗಳಿಗೂ ಮಿಗಿಲಾಗಿ ಅಗಸ್ಟೀನರೊಡನೆ ವಿವಾಹವಿಲ್ಲದೆ ಬಾಳಿದವರು, ಅವರ ಮಗ ಅದೆಯೊದಾತುಸ್‌ನ ತಾಯಿ. ಅಂತಸ್ತಿಗೆ ತಕ್ಕ ವಧುವೊಬ್ಬಳು ಗೊತ್ತಾದಾಗ ಆಕೆಯನ್ನು ಆಫ್ರಿಕಾಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಮಗನನ್ನು ತಂದೆಯ ಬಳಿ ಬಿಟ್ಟು ಹೊರಟ ಆಕೆ, ಇನ್ನೊಬ್ಬ ಪುರುಷನನ್ನು ಸೇರುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತು ಹೋದರು. ಇತ್ತ ಅಗಸ್ಟೀನರು, ಎಳೆಯ ವಧು ಪ್ರಾಯಕ್ಕೆ ಬರಲು ಬೇಕಿದ್ದ ಎರಡು ವರ್ಷ ಕಾಯಲಾರದೆ, ಮತ್ತೊಬ್ಬಳನ್ನು ಮನೆಗೆ ತಂದುಕೊಂಡರು. ಆಕೆಯಂತೆ ನಡೆದುಕೊಳ್ಳಲು ತನ್ನಿಂದಾಗಲಿಲ್ಲವೆಂದು ಅವರೇ ಒಪ್ಪಿಕೊಳ್ಳುತ್ತಾರೆ.

ಇಚ್ಛೆಯ ಬಗ್ಗೆ ಇಷ್ಟು ಆಳವಾಗಿ ಯೋಚಿಸಿದವರು, ಕಣ್ಣೆದುರೇ ಅಖಂಡ ಮನಸ್ಸಿನಿಂದ ನಿರ್ಧರಿಸಿ ಹೊರಟ ಒಂದು ಜೀವದ ಬಗ್ಗೆ ಕೆಲವೇ ವಾಕ್ಯಗಳಲ್ಲಿ ಮಾತು ಮುಗಿಸುತ್ತಾರೆ. ಹೆಸರೂ ಇಲ್ಲ. ತಾಯಿ ಮೋನಿಕಾರ ಹೆಸರನ್ನೂ ಇಡೀ ಕೃತಿಯಲ್ಲಿ ಒಮ್ಮೆ ಮಾತ್ರ ಹೇಳಿರುವುದರಿಂದ, ಇದು ಅಂದಿನ ಮರ್ಯಾದೆಯೆಂದು ವಾದಿಸಬಹುದು. ಒಪ್ಪೋಣ. ಆದರೂ ಸಂಕಲ್ಪವನ್ನು ನಡೆಸಿಕೊಡುವುದೆಂದರೇನು ಎಂಬುದಕ್ಕೆ ಈ ಕೃತಿಯಲ್ಲಿ ಮಾದರಿ ಹುಡುಕುವವರು ವಿಕ್ಟೊರಿನುಸ್‌ನ ಪಕ್ಕದಲ್ಲಿ ಆಕೆಗೂ ಒಂದು ಆಸನ ಹಾಕಬೇಕು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಸಂಕಲ್ಪದ ಬಗ್ಗೆ ಭಾಷಣ ಮಾಡುವವರು ಒಂದು ಕಡೆ, ಯಾರಿಗೂ ಹೇಳದೆ ಅದನ್ನು ನಡೆಸುತ್ತಿರುವ ಅಜ್ಜಿಯಂದಿರು ಇನ್ನೊಂದು ಕಡೆ ಇರುವುದನ್ನು ನೀವು ಕಂಡಿಲ್ಲವೇ?

ಕಣ್ಣೀರಿನ ಅಪಾಯ

ಇನ್ನು ನನ್ನದೇ ಒಂದು ಅರಿಕೆ. ಈ ಎಂಟನೆಯ ಭಾಗವನ್ನು ನಾನು ಮೊದಲು ಓದಿದ್ದು ಒಂದು ತಪಸ್ಸುಕಾಲದಲ್ಲಿ. ಆಗ ತೋಟದ ಬೇಲಿಯೊಂದರ ಕಾರಣದಿಂದ ನನಗೂ ನನ್ನ ಅಣ್ಣನಿಗೂ ಮಾತು ನಿಂತು ಆರು ವರ್ಷಗಳಾಗಿದ್ದವು. ಓದುತ್ತಿದ್ದಂತೆ ಕಣ್ಣು ತುಂಬಿಬಂತು. ಅಣ್ಣನನ್ನು ಕ್ಷಮಿಸಿಬಿಟ್ಟೆನೆಂದು ಅನ್ನಿಸಿತು. ಆ ರಾತ್ರಿ ಬಹಳ ನೆಮ್ಮದಿಯ ನಿದ್ರೆ ಬಂತು. ಬೆಳಗ್ಗೆ ಎದ್ದು ಅವನ ಮನೆಗೆ ಹೋದೆನೇ? ಇಲ್ಲ. ಮರುವರ್ಷವೂ ಓದಿದೆ, ಮತ್ತೆ ಮನಸ್ಸು ಕರಗಿತು, ಮತ್ತೆ ಹೋಗಲಿಲ್ಲ. ಹೀಗೆ ನಾಲ್ಕು ತಪಸ್ಸುಕಾಲಗಳು ಕಳೆದವು.

ನನ್ನನ್ನು ತಡೆದದ್ದು ಅಣ್ಣನ ಮೇಲಿನ ಸಿಟ್ಟಲ್ಲ, ಆ ಕಣ್ಣೀರೇ ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಅತ್ತಾಗ ಸಾಲ ತೀರಿದಂತೆ ಮನಸ್ಸು ಲೆಕ್ಕ ಬರೆದುಕೊಳ್ಳುತ್ತಿತ್ತು. ಒಳ್ಳೆಯದನ್ನು ಬಯಸಿದ ಸುಖವೇ ಒಳ್ಳೆಯದನ್ನು ಮಾಡಿದ ಸುಖದ ಜಾಗದಲ್ಲಿ ಕುಳಿತುಬಿಟ್ಟಿತ್ತು.

ಸೋಜಿಗವೆಂದರೆ ಅಗಸ್ಟೀನರು ಈ ಬಗೆಯ ಓದಿನ ವಿರುದ್ಧ ತಮ್ಮ ಕೃತಿಯ ಆರಂಭದಲ್ಲೇ ಎಚ್ಚರಿಸಿದ್ದಾರೆ. ಬಾಲ್ಯದಲ್ಲಿ ವರ್ಜಿಲನ ಮಹಾಕಾವ್ಯ ಓದಿ ದೀದೋ ರಾಣಿಯ ಸಾವಿಗೆ ಅತ್ತವನು, ತನ್ನದೇ ಆತ್ಮ ಸಾಯುತ್ತಿರುವುದಕ್ಕೆ ಅಳಲಿಲ್ಲವೆಂದು ಮೊದಲ ಭಾಗದಲ್ಲಿ ತಮ್ಮನ್ನೇ ಜರೆದುಕೊಳ್ಳುತ್ತಾರೆ. ಕಾರ್ಥೇಜಿನ ನಾಟಕಶಾಲೆಯನ್ನು ನೆನೆಯುತ್ತಾ ಮೂರನೆಯ ಭಾಗದಲ್ಲಿ ಮತ್ತೊಂದು ಮಾತು ಸೇರಿಸುತ್ತಾರೆ: ಅಲ್ಲಿ ಪ್ರೇಕ್ಷಕನಿಗೆ ದುಃಖಪಡುವ ಆಹ್ವಾನವಿದೆಯೇ ಹೊರತು ನೆರವಾಗುವ ಕರೆಯಿಲ್ಲ. ಅವರ ಮನಪರಿವರ್ತನೆಯ ಕಥೆಯನ್ನೇ ನಾವು ಅಂಥ ನಾಟಕದಂತೆ ಓದಿದರೆ, ಅವರನ್ನು ಓದಿಯೇ ಇಲ್ಲವೆಂದಾಯಿತು.

ಐದನೆಯ ವರ್ಷ ನಾನು ಪುಸ್ತಕ ತೆರೆಯುವಾಗ ನನ್ನ ಮಡದಿ, "ಓದಿದ್ದು ಸಾಕು. ಈ ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ಬಸ್ಸಿದೆ. ನಾನೂ ಬರುತ್ತೇನೆ" ಎಂದಳು. ಹೋದೆವು. ಅಣ್ಣ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಊಟ ಆಯಿತೇ?" ಎಂದ. ಬೇಲಿಯ ವಿಷಯ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಆದರೆ ಈಗ ಬೇಲಿ ತೋಟದಲ್ಲಿ ಮಾತ್ರ ಇದೆ.

ಮಡದಿಯ ಆ ಮಾತಿನಲ್ಲಿ ಉಪದೇಶವಿರಲಿಲ್ಲ. ದಿನ, ಹೊತ್ತು, ಬಸ್ಸು ಮತ್ತು ಜೊತೆ ಇದ್ದವು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ 1999ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನೇ ಶಾಸ್ತ್ರೀಯವಾಗಿ ವಿವರಿಸಿದ್ದಾರೆ. 'ಮಾಡಬೇಕು' ಎಂಬ ಬರಿಯ ಗುರಿಗಿಂತ 'ಇಂಥ ಹೊತ್ತು, ಇಂಥ ಸ್ಥಳ ಬಂದಾಗ ಇಂಥದ್ದನ್ನು ಮಾಡುತ್ತೇನೆ' ಎಂಬ ಖಚಿತ ನಿಶ್ಚಯ ಹೆಚ್ಚು ಫಲಿಸುತ್ತದೆ ಎಂಬುದು ಅದರ ತಿರುಳು.

ತೋಟದ ಅನಂತರ

ಈ ಕಣ್ಣಿನಿಂದ ಎಂಟನೆಯ ಭಾಗಕ್ಕೆ ಮರಳಿದರೆ, ಹಿಂದೆ ಕಾಣದಿದ್ದ ಒಂದು ಸಂಗತಿ ಕಾಣುತ್ತದೆ. ಅಲ್ಲಿ ಯಾರೂ ಒಂಟಿಯಾಗಿ ಬದಲಾಗುವುದಿಲ್ಲ. ವಿಕ್ಟೊರಿನುಸ್‌ನೊಡನೆ ಸಿಂಪ್ಲಿಸಿಯಾನುಸ್ ಇದ್ದಾರೆ. ತ್ರಿಯರ್‌ನಲ್ಲಿ ಗೆಳೆಯರು ಇಬ್ಬರು. ಮಿಲಾನಿನ ತೋಟದಲ್ಲಿ ಗೆಳೆಯ ಅಲಿಪಿಯುಸ್ ಮಾತಿಲ್ಲದೆ ಪಕ್ಕದಲ್ಲಿ ಕುಳಿತಿದ್ದಾನೆ. ಅಗಸ್ಟೀನರು ಓದಿದ ಸಾಲುಗಳ ಮುಂದಿನ ಸಾಲನ್ನು ಅವನು ಓದುತ್ತಾನೆ. ಅದು ವಿಶ್ವಾಸದಲ್ಲಿ ದುರ್ಬಲನಾದವನನ್ನು ಬರಮಾಡಿಕೊಳ್ಳುವ ಮಾತು. ಅದು ತನಗೇ ಹೇಳಿದ್ದೆಂದು ಅವನು ತೆಗೆದುಕೊಳ್ಳುತ್ತಾನೆ. ಇಬ್ಬರೂ ಪುಸ್ತಕ ಮುಚ್ಚಿ ಎದ್ದು ಒಳಗೆ ಹೋಗಿ ತಾಯಿಗೆ ತಿಳಿಸುತ್ತಾರೆ.

ಅನಂತರದ ಹೆಜ್ಜೆಗಳು ಒಂಬತ್ತನೆಯ ಭಾಗದಲ್ಲಿವೆ, ಮತ್ತು ಅವು ಬಹಳ ಸಾಧಾರಣವಾಗಿವೆ. ದ್ರಾಕ್ಷಿ ಸುಗ್ಗಿಯ ರಜೆ ಬರುವವರೆಗೆ ಸುಮಾರು 20 ದಿನ ಪಾಠ ಮಾಡಿ, ಪ್ರಾಧ್ಯಾಪಕ ವೃತ್ತಿಗೆ ವಿದಾಯ ಹೇಳಿದರು. ಗೆಳೆಯನೊಬ್ಬನ ಹಳ್ಳಿಯ ಮನೆಗೆ ಹೋಗಿ ನೆಲೆಸಿದರು. ಏನು ಓದಲೆಂದು ಧರ್ಮಾಧ್ಯಕ್ಷ ಸಂತ ಆಂಬ್ರೋಸರನ್ನು ಕೇಳಿದರು. ಅವರು ಸೂಚಿಸಿದ ಯೆಶಾಯನ ಗ್ರಂಥದ ಆರಂಭವೇ ಅರ್ಥವಾಗದೆ ಬದಿಗಿಟ್ಟರು! 387ರ ಪಾಸ್ಖ ಹಬ್ಬದಂದು ಅಲಿಪಿಯುಸ್ ಮತ್ತು ಮಗನೊಡನೆ ಜ್ಞಾನಸ್ನಾನ ಪಡೆದರು.

ಅಲ್ಲಿಗೆ ಎಲ್ಲವೂ ಮುಗಿಯಿತೇ? ಹತ್ತನೆಯ ಭಾಗ ಇಲ್ಲವೆನ್ನುತ್ತದೆ. ತೋಟದ ಘಟನೆಯಾಗಿ ಹತ್ತು ವರ್ಷಗಳು ದಾಟಿವೆ, ಬರೆಯುತ್ತಿರುವವರು ಈಗ ಹಿಪ್ಪೋ ನಗರದ ಧರ್ಮಾಧ್ಯಕ್ಷರು. ಆದರೂ ಕನಸಿನಲ್ಲಿ ಹಳೆಯ ಚಿತ್ರಗಳು ಬರುತ್ತವೆ, ಊಟದಲ್ಲಿ ಅಗತ್ಯ ಎಲ್ಲಿ ಮುಗಿದು ಆಸೆ ಎಲ್ಲಿ ಆರಂಭವಾಯಿತೆಂದು ತಿಳಿಯುವುದಿಲ್ಲ, ಹೊಗಳಿಕೆ ಹಿತವಾಗುತ್ತದೆ. ಮನೆಯಲ್ಲಿ ಕುಳಿತಾಗ ಹಲ್ಲಿಯೊಂದು ನೊಣ ಹಿಡಿಯುವುದನ್ನು ನೋಡುತ್ತಾ ಮೈಮರೆಯುತ್ತಾರಂತೆ! ಎಂಟನೆಯ ಭಾಗವನ್ನು ಹತ್ತನೆಯದರ ಜೊತೆಗಿಟ್ಟು ಓದದವರಿಗೆ ಸಂತತ್ವ ಒಂದು ಸಂಜೆಯ ಸಂಗತಿಯಾಗಿ ಕಂಡೀತು. ಎರಡನ್ನೂ ಓದಿದವರಿಗೆ ಅದು ದಿನದಿನದ ಕೂಲಿಯೆಂದು ತಿಳಿದೀತು. ಆ ಕೂಲಿಗೆ ಬೇಕಾದ ಬಲವನ್ನೂ ಅವರು ತಮ್ಮ ಸಂಗ್ರಹದಿಂದ ತೆಗೆಯುವುದಿಲ್ಲ. ಏನನ್ನು ಅಪ್ಪಣೆ ಮಾಡುತ್ತಾನೋ ಅದನ್ನು ನಡೆಸುವ ಶಕ್ತಿಯನ್ನೂ ಕೊಡಬೇಕೆಂದು ದೇವರನ್ನೇ ಕೇಳುತ್ತಾರೆ. ಒಡೆದ ಮನಸ್ಸನ್ನು ಒಡೆದ ಮನಸ್ಸೇ ಬೆಸೆದುಕೊಳ್ಳಲಾರದು. ಆದ್ದರಿಂದಲೇ ಕೈಚಾಚುವುದೂ ಒಂದು ಹೆಜ್ಜೆ.

ಆದುದರಿಂದ, ಪ್ರಿಯ ಓದುಗರೇ, ಮುಂದಿನ ಸಲ "ಮನೋಬಲ ಸಾಲಲಿಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ, ನನ್ನ ಮನಸ್ಸಿನ ಯಾವ ಅರ್ಧ ಇನ್ನೂ ಒಪ್ಪಿಲ್ಲ, ಅದು ಯಾವುದನ್ನು ಬಿಡಲೊಲ್ಲದು ಎಂದು ಕೇಳಿಕೊಳ್ಳೋಣ. ಉತ್ತರ ಸಿಕ್ಕರೆ ಅದನ್ನು ಒಬ್ಬರಿಗಾದರೂ ಹೇಳೋಣ. ಸಂತ ಮೋನಿಕಾರ ಹಬ್ಬ ಆಗಸ್ಟ್ 27, ಸಂತ ಅಗಸ್ಟೀನರದು 28. ಅವರ ಪುಸ್ತಕವನ್ನು ಅಂದು ತೆರೆದು ಓದಬಹುದು, ಬಹಳ ಒಳ್ಳೆಯದು. ಆದರೆ ನೀವು ಹೋಗಬೇಕಾದ ಮನೆಯೊಂದು ಈಗಾಗಲೇ ನೆನಪಿಗೆ ಬಂದಿದ್ದರೆ, ಪುಸ್ತಕಕ್ಕಿಂತ ಮೊದಲು ಬಸ್ಸಿನ ಹೊತ್ತನ್ನು ವಿಚಾರಿಸಿರಿ.